ತೀರ್ಪುಗಾರನ ಕೈಸನ್ನೆ

ಕ್ರೀಡಾಂಗಣದಲ್ಲಿ ತೀರ್ಪುಗಾರನನ್ನು ನಿಂದಿಸುವುದು ಕ್ರೀಡೆಯಷ್ಟೇ ಪುರಾತನವಾದ ಅಭ್ಯಾಸ. ಗೆದ್ದ ಪಕ್ಷಕ್ಕೆ ಆತ ಸಾಕ್ಷಾತ್ ಧರ್ಮರಾಯ. ಸೋತ ಪಕ್ಷಕ್ಕೆ ಹುಟ್ಟುಗುರುಡ. ಈ ಬಗೆಯ ನಿಂದೆ-ಸ್ತುತಿಗಳಿಗೆ ಲೇಖನವೊಂದರ ಅವಶ್ಯಕತೆಯಿಲ್ಲ. ಆದರೆ ತೀರ್ಪುಗಾರನ ಕಾರ್ಯದಲ್ಲಿ ಎರಡು ಭಿನ್ನ ಸ್ವಭಾವದ ಕೆಲಸಗಳು ಬೆರೆತುಕೊಂಡಿವೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕಣ್ಣಿಗೆ ಕಂಡುದನ್ನು ತೂಗಿ ನೋಡಿ ನಿರ್ಣಯಿಸುವುದು ಒಂದು ಕೆಲಸ. ಒಂದು, ಎರಡು, ಮೂರು ಎಂದು ಲೆಕ್ಕವಿಡುವುದು ಮತ್ತೊಂದು. ಮೊದಲನೆಯದರಲ್ಲಿ ಇಬ್ಬರು ಪ್ರಾಮಾಣಿಕರು ಭಿನ್ನಾಭಿಪ್ರಾಯ ತಾಳಬಹುದು. ಎರಡನೆಯದರಲ್ಲಿ ಹಾಗಾಗಲು ಕಾರಣವಿಲ್ಲ. ಐದು ಎಂದರೆ ಎಲ್ಲರಿಗೂ ಐದೇ. ಈ ಎರಡನ್ನೂ ಓಡುತ್ತಿರುವ ಒಬ್ಬ ಮನುಷ್ಯನ ಹೆಗಲಿಗೆ ಹೊರಿಸಿದ ಆಟವೊಂದಿದೆ. ಅದರ ಹೆಸರು ರಗ್ಬಿ ಲೀಗ್. ಆ ಆಟದಲ್ಲಿ ಕಳೆದ ಕೆಲವು ದಶಕಗಳಲ್ಲಿ ನಡೆದ ಕೆಲವು ಪ್ರಸಂಗಗಳನ್ನು ವಿಚಾರಿಸಿ, ತೀರ್ಪುಗಾರನು ಕೈಯೆತ್ತಿ ಒಮ್ಮೆ ಕೊಟ್ಟ ಸನ್ನೆಯನ್ನು ನಂಬಿ ಆಟಗಾರನು ನಡೆದುಬಿಟ್ಟ ಮೇಲೆ ಆ ಸನ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರ ತೀರ್ಪುಗಾರನಿಗೂ ಇರಕೂಡದೆಂದು ವಾದಿಸುವುದು ಈ ಬರಹದ ಉದ್ದೇಶ.

ನಮ್ಮ ವಾಚಕರಲ್ಲಿ ಬಹುಮಂದಿ ಈ ಆಟವನ್ನು ಕಂಡಿರಲಾರರು. ಮಳೆಗಾಲದಲ್ಲಿ ಬಾಂಬೆ ಜಿಮಖಾನದ ಮೈದಾನದ ಬದಿಯಿಂದ ನಡೆದು ಹೋದವರು, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಕೆಸರಿನಲ್ಲಿ ಓಡುವ, ಒಬ್ಬರ ಮೇಲೊಬ್ಬರು ಬೀಳುವ ಯುವಕರನ್ನು ನೋಡಿರಬಹುದು. ಅದು ರಗ್ಬಿ ಯೂನಿಯನ್, ತಂಡಕ್ಕೆ ಹದಿನೈದು ಮಂದಿಯ ಆಟ. ಅದರಿಂದಲೇ ಕವಲೊಡೆದು ಬೇರೆಯಾದ ಹದಿಮೂರು ಮಂದಿಯ ಆಟವೇ ರಗ್ಬಿ ಲೀಗ್. ಅದರ ತವರು ಉತ್ತರ ಇಂಗ್ಲೆಂಡ್. ಅದು ಹುಲುಸಾಗಿ ಬೆಳೆದದ್ದು ಆಸ್ಟ್ರೇಲಿಯದ ಸಿಡ್ನಿ ಮತ್ತು ಬ್ರಿಸ್ಬೇನ್ ಪ್ರಾಂತಗಳಲ್ಲಿ.

ಕವಲೊಡೆದ ಕಥೆ ಸ್ವಾರಸ್ಯವಾದುದು. ೧೮೯೫ರ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೊಟೇಲಿನಲ್ಲಿ ಯಾರ್ಕ್‌ಷೈರ್, ಲ್ಯಾಂಕಾಷೈರ್ ಮೊದಲಾದೆಡೆಯ ಕ್ಲಬ್ಬುಗಳ ಪ್ರತಿನಿಧಿಗಳು ಸಭೆ ಸೇರಿದರು. ಆ ಕ್ಲಬ್ಬುಗಳಲ್ಲಿ ಆಡುತ್ತಿದ್ದವರು ಬಹುಮಟ್ಟಿಗೆ ಗಣಿಗಳ ಮತ್ತು ಗಿರಣಿಗಳ ಕೆಲಸಗಾರರು. ಶನಿವಾರ ಆಡಲು ಹೋದರೆ ಆ ಹೊತ್ತಿನ ಕೂಲಿ ಖೋತಾ. ಆ ನಷ್ಟವನ್ನು ಕ್ಲಬ್ಬು ತುಂಬಿಕೊಡಬಾರದು, ಕೊಟ್ಟರೆ ಆಟದ ಪಾವಿತ್ರ್ಯ ಕೆಡುತ್ತದೆ ಎಂದು ಅನುಕೂಲಸ್ಥ ಹವ್ಯಾಸಿಗಳ ಕೈಯಲ್ಲಿದ್ದ ಆಡಳಿತ ಹಟ ಹಿಡಿದಿತ್ತು. ಗಿರಣಿಯವನಿಗೆ ಒಂದು ಹೊತ್ತಿನ ಕೂಲಿ ಎಂದರೇನು ಎಂಬುದನ್ನು ಮುಂಬಯಿಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಉತ್ತರದ ಕ್ಲಬ್ಬುಗಳು ಬೇರೆಯಾದವು. ಪ್ರೇಕ್ಷಕರು ಕಾಸು ಕೊಟ್ಟು ನೋಡಲು ಬರಬೇಕಾದುದರಿಂದ ಆಟವನ್ನು ಚುರುಕುಗೊಳಿಸುವ ಹಂಬಲ ಅವರಿಗೆ ಮೊದಲಿನಿಂದಲೂ ಇತ್ತು. ೧೯೦೬ರಲ್ಲಿ ಆಟಗಾರರ ಸಂಖ್ಯೆಯನ್ನು ಹದಿನೈದರಿಂದ ಹದಿಮೂರಕ್ಕೆ ಇಳಿಸಿದರು. ಅದೇ ವರ್ಷ, ಎದುರಾಳಿಗಳ ಹಿಡಿತಕ್ಕೆ ಸಿಕ್ಕಿದವನು ಎದ್ದು ನಿಂತು, ಚೆಂಡನ್ನು ನೆಲದ ಮೇಲಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟವನ್ನು ಮುಂದುವರಿಸುವ ಪದ್ಧತಿಯನ್ನು ತಂದರು. ಇಂದಿನ ಎಲ್ಲ ವಿವಾದಗಳ ಬೇರು ಈ ಪದ್ಧತಿಯಲ್ಲಿದೆ.

ಆಂಗ್ಲರು ಟ್ಯಾಕಲ್ ಎನ್ನುವುದನ್ನು ನಾನಿಲ್ಲಿ ಹಿಡಿತವೆಂದು ಕರೆಯುತ್ತೇನೆ. ಕಬಡ್ಡಿಯನ್ನು ಬಲ್ಲವರಿಗೆ ಈ ಪದ ಹೊಸದಲ್ಲ. ಚೆಂಡು ಹಿಡಿದವನನ್ನು ಎದುರಾಳಿ ತಬ್ಬಿದ ಮಾತ್ರಕ್ಕೆ ಹಿಡಿತ ಪೂರ್ಣವಾಗುವುದಿಲ್ಲ. ಹಿಡಿದಿರುವಾಗ ಚೆಂಡು ಅಥವಾ ಚೆಂಡಿರುವ ಕೈ ನೆಲಕ್ಕೆ ತಗುಲಬೇಕು. ಇಲ್ಲವೇ ನಿಂತಲ್ಲೇ ಸಿಕ್ಕಿಬಿದ್ದವನು ಮುಂದೆ ಹೋಗಲಾರದೆ, ಚೆಂಡನ್ನು ಸಂಗಡಿಗನಿಗೆ ದಾಟಿಸಲೂ ಆರದೆ ನಿಲ್ಲಬೇಕು. ಇಲ್ಲವೇ ತಾನು ಸೋತೆನೆಂಬುದನ್ನು ತನ್ನ ನಡತೆಯಿಂದ ಸ್ಪಷ್ಟವಾಗಿ ತೋರಿಸಬೇಕು. 'ಮುಂದೆ ಹೋಗಲಾರ' ಎಂಬುದನ್ನು ನಿರ್ಣಯಿಸುವವರು ಯಾರು? ತೀರ್ಪುಗಾರನೇ. ಆತ ಹಿಡಿತವಾಯಿತೆಂದು ಕೂಗಿದ ಕ್ಷಣ ಹಿಡಿದವರು ಬಿಡತಕ್ಕದ್ದು. ಒಂದು ಕ್ಷಣ ಮುಂಚೆ ಕೂಗಿದರೆ ಜಾರಿಕೊಳ್ಳಬಹುದಾಗಿದ್ದವನಿಗೆ ಅನ್ಯಾಯ. ಒಂದು ಕ್ಷಣ ತಡೆದರೆ ಅವನ ಮೇಲೆ ಇನ್ನಿಬ್ಬರು ಬಂದು ಬೀಳುತ್ತಾರೆ. ನೂರು ಮೀಟರು ಉದ್ದದ ಅಂಗಣದಲ್ಲಿ ಆಟಗಾರರೊಡನೆ ತಾನೂ ಓಡುತ್ತ ಎಂಬತ್ತು ನಿಮಿಷಗಳ ಕಾಲ ಇಂಥ ನೂರಾರು ಕೂಗುಗಳನ್ನು ಕೂಗಬೇಕಾದವನ ಮೇಲೆ ನನಗೆ ಕೋಪಕ್ಕಿಂತ ಮರುಕವೇ ಹೆಚ್ಚು. ಈ ಬಗೆಯ ನಿರ್ಣಯಗಳಲ್ಲಿ ಆತ ತಪ್ಪಿದರೆ ಅದು ಆಟದ ಅಂಗವೆಂದೇ ಭಾವಿಸಬೇಕು. ಕಬಡ್ಡಿಯಲ್ಲಿ ದಾಳಿಕಾರನ ಉಸಿರು ಮುರಿಯಿತೋ ಇಲ್ಲವೋ ಎಂಬ ಜಗಳ ನಮ್ಮ ಊರುಗಳಲ್ಲಿ ಎಷ್ಟು ಕಾಲದಿಂದ ನಡೆದಿಲ್ಲ!

ಇನ್ನು ಎಣಿಕೆಯ ಮಾತು. ಆರಂಭದಲ್ಲಿ ಎಣಿಕೆಯೇ ಇರಲಿಲ್ಲ. ಹಿಡಿತಕ್ಕೆ ಸಿಕ್ಕಿದವನು ಚೆಂಡನ್ನು ಹಿಂದಕ್ಕೆ ಉರುಳಿಸಿದರೆ ಅದು ಮತ್ತೆ ಅವನ ತಂಡಕ್ಕೇ ದೊರೆಯುತ್ತಿತ್ತು. ಚೆಂಡು ಕೈಜಾರದಂತೆ ಜಾಗರೂಕತೆಯಿಂದ ಆಡಿದರೆ ಒಂದು ತಂಡ ಎಷ್ಟು ಹೊತ್ತು ಬೇಕಾದರೂ ಅದನ್ನು ತನ್ನಲ್ಲಿಟ್ಟುಕೊಳ್ಳಬಹುದಾಗಿತ್ತು. ಮುನ್ನಡೆ ಸಾಧಿಸಿದವರು ಬಿದ್ದು ಎದ್ದು, ಎದ್ದು ಬಿದ್ದು ಕಾಲ ಕಳೆಯುತ್ತಿದ್ದರು. ಪ್ರೇಕ್ಷಕರು ಆಕಳಿಸಿದರು. ಬ್ರಿಟಿಷ್ ರಗ್ಬಿ ಲೀಗಿನ ಕಾರ್ಯದರ್ಶಿಯಾಗಿದ್ದ ಬಿಲ್ ಫಾಲೊಫೀಲ್ಡರು ಹಿಡಿತಗಳಿಗೆ ಮಿತಿ ಹಾಕಬೇಕೆಂಬ ವಿಚಾರವನ್ನು ಮುಂದಿಟ್ಟು ಸಾಧಿಸಿದರು. ೧೯೬೬ರಲ್ಲಿ ಇಂಗ್ಲೆಂಡಿನಲ್ಲಿಯೂ ೧೯೬೭ರಲ್ಲಿ ಆಸ್ಟ್ರೇಲಿಯದಲ್ಲಿಯೂ ನಾಲ್ಕು ಹಿಡಿತಗಳ ನಿಯಮ ಬಂದಿತು. ಸಿಡ್ನಿಯ ಸೇಂಟ್ ಜಾರ್ಜ್ ತಂಡ ೧೯೫೬ರಿಂದ ೧೯೬೬ರವರೆಗೆ ಸತತವಾಗಿ ಹನ್ನೊಂದು ವರ್ಷ ಪ್ರಶಸ್ತಿ ಗೆದ್ದಿತ್ತು. ಹೊಸ ನಿಯಮದ ಮೊದಲ ವರ್ಷವೇ ಆ ಸರಪಳಿ ಕಡಿಯಿತು. ಅದಕ್ಕೆ ನಿಯಮವೊಂದೇ ಕಾರಣವೆಂದು ಹೇಳುವುದು ಅತಿಯಾದೀತು, ಆಟಗಾರರಿಗೂ ವಯಸ್ಸಾಗುತ್ತದೆ. ನಾಲ್ಕು ಹಿಡಿತಗಳಲ್ಲಿ ಆಟ ತೀರ ಗಡಿಬಿಡಿಯದಾಯಿತೆಂದು ಕಂಡುಬಂದುದರಿಂದ ಆಸ್ಟ್ರೇಲಿಯದಲ್ಲಿ ೧೯೭೧ರಲ್ಲಿ ಅದನ್ನು ಆರಕ್ಕೆ ಏರಿಸಿದರು. ಇಂದಿಗೂ ಸಂಖ್ಯೆ ಆರೇ. ಐದನೆಯ ಹಿಡಿತವಾದಾಗ ತೀರ್ಪುಗಾರ ಕೈಯೆತ್ತಿ ಬೆರಳುಗಳನ್ನು ಬಿಡಿಸಿ ತೋರಿಸುತ್ತಾನೆ. ಆಗ ಚೆಂಡು ಹಿಡಿದ ತಂಡ ಅದನ್ನು ದೂರಕ್ಕೆ ಒದೆಯುವುದೋ ಎತ್ತರಕ್ಕೆ ಒದ್ದು ಅದರ ಹಿಂದೆ ಓಡುವುದೋ ಎಂದು ಯೋಚಿಸಬೇಕು. ಆರನೆಯ ಹಿಡಿತಕ್ಕೆ ಸಿಕ್ಕಿದರೆ ಚೆಂಡು ಎದುರಾಳಿಗಳ ಪಾಲು. ಎದುರಾಳಿ ತಾನಾಗಿ ಚೆಂಡಿಗೆ ಕೈಹಾಕಿ ಅದನ್ನು ಮುಟ್ಟಿ, ಅದು ಮತ್ತೆ ಮೊದಲಿನವರಿಗೇ ಸಿಕ್ಕಿದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಆಗ ತೀರ್ಪುಗಾರ ತಲೆಯ ಮೇಲೆ ಕೈ ಬೀಸುತ್ತಾನೆ. 'ಮತ್ತೆ ಆರು' ಎಂಬುದು ಆ ಸನ್ನೆಯ ಅರ್ಥ.

ಈ ಎಣಿಕೆಯ ನಿಯಮ ಬಹಳ ಸೊಗಸಾದುದು. ಅದರ ಸೊಗಸೆಲ್ಲ ಎಲ್ಲರಿಗೂ ಅದು ತಿಳಿದಿರುವುದರಲ್ಲಿದೆ. ಎಷ್ಟು ಅವಕಾಶಗಳು ಉಳಿದಿವೆ ಎಂದು ಆಡುವವನು ಬಲ್ಲ, ತಡೆಯುವವನು ಬಲ್ಲ, ಮರದ ಹಲಗೆಯ ಮೇಲೆ ಕುಳಿತ ಬಾಲಕನೂ ಬಲ್ಲ. ಮೂರನೆಯ ಹಿಡಿತದಲ್ಲಿ ಸಾಹಸ ಮಾಡುವುದು ಬೇರೆ, ಐದನೆಯದರ ಮೇಲೆ ಮಾಡುವುದು ಬೇರೆ. ಆಟದ ಯೋಜನೆಯೆಲ್ಲ ಆ ಸಂಖ್ಯೆಯ ಮೇಲೆ ನಿಂತಿದೆ.

ಆ ಸಂಖ್ಯೆಯೇ ತಪ್ಪಿದರೆ? ತಪ್ಪಿದೆ. ೧೯೭೮ರಲ್ಲಿ ಸಿಡ್ನಿಯ ಲೀಗಿನಲ್ಲಿ ಮ್ಯಾನ್ಲಿ ಮತ್ತು ಪ್ಯಾರಮ್ಯಾಟಾ ತಂಡಗಳ ನಡುವಣ ಉಪಾಂತ್ಯ ಹಂತದ ಪಂದ್ಯ ಸಮನಾಗಿ ಮುಗಿದು, ಅದನ್ನು ಮತ್ತೊಮ್ಮೆ ಆಡಿಸಬೇಕಾಯಿತು. ಎರಡನೆಯ ಸಲ ಮ್ಯಾನ್ಲಿ ೧೭-೧೧ರಿಂದ ಗೆದ್ದಿತು. ಅವರ ಟ್ರೈಗಳಲ್ಲಿ ಒಂದು ಬಂದದ್ದು ಏಳನೆಯ ಹಿಡಿತದ ಸರದಿಯಲ್ಲಿ. ಆರರೊಳಗೇ ಅವರ ಅವಕಾಶ ತೀರಬೇಕಾಗಿತ್ತು. ತೀರ್ಪುಗಾರ ಗ್ರೆಗ್ ಹಾರ್ಟ್ಲಿಯವರ ಎಣಿಕೆ ಒಂದರಷ್ಟು ಹಿಂದೆ ಬಿದ್ದಿತ್ತು. ಫಲಿತಾಂಶ ಬದಲಾಗಲಿಲ್ಲ. ಮ್ಯಾನ್ಲಿ ಮುಂದುವರಿದು, ಅಂತಿಮ ಪಂದ್ಯವನ್ನೂ ಎರಡು ಸಲ ಆಡಿ, ಆ ವರ್ಷದ ಪ್ರಶಸ್ತಿಯನ್ನು ಪಡೆಯಿತು. ಪ್ಯಾರಮ್ಯಾಟಾದ ಹಳಬರು ಇದನ್ನು ಇಂದಿಗೂ ಮರೆತಿಲ್ಲವೆಂದರೆ ಆಶ್ಚರ್ಯವಿಲ್ಲ.

ಆ ಕಾಲದಲ್ಲಿ ಒಬ್ಬನೇ ತೀರ್ಪುಗಾರನಿದ್ದ, ಎಣಿಕೆ ತಪ್ಪಿತು ಎನ್ನೋಣ. ಮೂವತ್ತೈದು ವರ್ಷಗಳ ಅನಂತರ, ೨೦೧೩ರ ಸೆಪ್ಟೆಂಬರಿನಲ್ಲಿ, ಅದೇ ಸಿಡ್ನಿಯಲ್ಲಿ ಕ್ರೊನುಲ್ಲಾ ತಂಡ ನಾರ್ತ್ ಕ್ವೀನ್ಸ್‌ಲ್ಯಾಂಡ್ ತಂಡವನ್ನು ೨೦-೧೮ರಿಂದ ಸೋಲಿಸಿ ಸ್ಪರ್ಧೆಯಿಂದ ಹೊರಕ್ಕೆ ಕಳುಹಿಸಿತು. ಆ ದಿನ ಕ್ರೊನುಲ್ಲಾದ ಬ್ಯೂ ರಯನ್ ದೊರಕಿಸಿದ ಟ್ರೈ ಕೂಡ ಏಳನೆಯ ಸರದಿಯದೇ. ಆಗ ಅಂಗಣದಲ್ಲಿ ಒಬ್ಬರ ಬದಲು ಇಬ್ಬರು ತೀರ್ಪುಗಾರರಿದ್ದರು. ಬದಿಯ ಗೆರೆಗಳಲ್ಲಿ ಇಬ್ಬರು ಸಹಾಯಕರು. ಮೇಲೆ ಕೋಣೆಯೊಂದರಲ್ಲಿ ದೂರದರ್ಶನದ ಪರದೆಯ ಮುಂದೆ ಕುಳಿತ ಅಧಿಕಾರಿಗಳು ಬೇರೆ. ಇಷ್ಟು ಮಂದಿ ಸೇರಿ ಆರರವರೆಗೆ ಎಣಿಸಲಾರದೆ ಹೋದರು! ಹಲವರ ಕೆಲಸ ಯಾರ ಕೆಲಸವೂ ಅಲ್ಲವೆಂಬ ಮಾತು ಕಚೇರಿಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ತಿಳಿದಿದ್ದೆ. ಅಧಿಕಾರಿಗಳು ತಪ್ಪನ್ನು ಒಪ್ಪಿಕೊಂಡರು. ಫಲಿತಾಂಶ ಹಾಗೆಯೇ ಉಳಿಯಿತು.

ಎಣಿಕೆಯ ತಪ್ಪಿಗೆ ಅಮೆರಿಕದ ಫುಟ್‌ಬಾಲಿನಲ್ಲಿಯೂ ಪ್ರಸಿದ್ಧ ನಿದರ್ಶನಗಳಿವೆ. ಅದೂ ರಗ್ಬಿಯ ಸಂತತಿಯೇ. ಅಲ್ಲಿ ಹತ್ತು ಗಜ ಮುಂದುವರಿಯಲು ನಾಲ್ಕು ಅವಕಾಶಗಳು. ೧೯೪೦ರ ನವೆಂಬರ್ ೧೬ರಂದು ಕಾರ್ನೆಲ್ ವಿಶ್ವವಿದ್ಯಾಲಯದ ತಂಡ ಡಾರ್ಟ್‌ಮತ್ ಕಾಲೇಜಿನ ಎದುರು ಕೊನೆಯ ಗಳಿಗೆಯಲ್ಲಿ ಅಂಕ ಗಳಿಸಿ ೭-೩ರಿಂದ ಗೆದ್ದಿತು. ಆಟವನ್ನು ಚಿತ್ರೀಕರಿಸಿದ್ದ ಫಿಲ್ಮನ್ನು ಪರೀಕ್ಷಿಸಿದಾಗ, ಆ ಅಂಕ ಬಂದದ್ದು ತೀರ್ಪುಗಾರ ಪ್ರಮಾದದಿಂದ ಕೊಟ್ಟ ಐದನೆಯ ಅವಕಾಶದಲ್ಲಿ ಎಂದು ಖಚಿತವಾಯಿತು. ಕಾರ್ನೆಲ್‌ನವರು ತಂತಿ ಕಳುಹಿಸಿ ಗೆಲುವನ್ನು ಬಿಟ್ಟುಕೊಟ್ಟರು. ದಾಖಲೆಯಲ್ಲಿ ಇಂದಿಗೂ ಡಾರ್ಟ್‌ಮತ್ ೩-೦ರಿಂದ ಗೆದ್ದಿದೆ. ಐವತ್ತು ವರ್ಷಗಳ ಮೇಲೆ, ೧೯೯೦ರಲ್ಲಿ, ಕೊಲರಾಡೊ ವಿಶ್ವವಿದ್ಯಾಲಯ ಮಿಜೂರಿಯ ಮೇಲೆ ಅಂಥದೇ ಐದನೆಯ ಅವಕಾಶದಲ್ಲಿ ೩೩-೩೧ರಿಂದ ಗೆದ್ದು, ಆ ಗೆಲುವನ್ನು ಇಟ್ಟುಕೊಂಡಿತು. ಈ ಎರಡರಲ್ಲಿ ಯಾವುದು ಮೇಲು ಎಂದು ಹೇಳುವ ಗೋಜಿಗೆ ನಾನು ಹೋಗುವುದಿಲ್ಲ. ನನಗೆ ಬೇಕಾದ ಅಂಶವಿಷ್ಟು: ಎಣಿಕೆಯ ತಪ್ಪನ್ನು ಅನಂತರ ನಿಸ್ಸಂದೇಹವಾಗಿ ತೋರಿಸಬಹುದು. ಹಿಡಿತವೊಂದು ಪೂರ್ಣವಾಗಿತ್ತೋ ಇಲ್ಲವೋ ಎಂಬ ಜಗಳವನ್ನು ಹೀಗೆ ಯಾವ ಫಿಲ್ಮೂ ಬಗೆಹರಿಸಲಾರದು.

ಇಲ್ಲಿಯವರೆಗೆ ಹೇಳಿದ್ದು ಎಣಿಕೆ ತಪ್ಪಿದ, ಆದರೆ ಯಾರೂ ಆಗ ತಿದ್ದದ ಪ್ರಸಂಗಗಳು. ತಿದ್ದಿದುದರಿಂದಲೇ ಅನ್ಯಾಯವಾದ ಪ್ರಸಂಗ ಇವೆಲ್ಲಕ್ಕಿಂತ ತೊಡಕಿನದು. ಅದು ೨೦೧೯ರ ಅಕ್ಟೋಬರ್ ೬ರಂದು ಸಿಡ್ನಿಯಲ್ಲಿ ನಡೆದ ಆಸ್ಟ್ರೇಲಿಯದ ಲೀಗಿನ ಅಂತಿಮ ಪಂದ್ಯ. ಒಂದು ಕಡೆ ಹಿಂದಿನ ವರ್ಷದ ವಿಜೇತರಾದ ಸಿಡ್ನಿ ರೂಸ್ಟರ್ಸ್; ಇನ್ನೊಂದು ಕಡೆ ೧೯೯೪ರ ಅನಂತರ ಮೊದಲ ಸಲ ಅಂತಿಮ ಪಂದ್ಯ ಮುಟ್ಟಿದ ಕ್ಯಾನ್‌ಬೆರಾ ರೈಡರ್ಸ್. ಅಂಕಗಳು ೮-೮. ಆಟ ಮುಗಿಯಲು ಹತ್ತು ನಿಮಿಷಗಳೂ ಉಳಿದಿರಲಿಲ್ಲ. ಕ್ಯಾನ್‌ಬೆರಾದವರು ಎದುರಾಳಿಯ ಗೆರೆಯ ಸಮೀಪದಲ್ಲಿದ್ದರು. ತಮ್ಮ ಸರದಿಯ ಕೊನೆಯಲ್ಲಿ ಚೆಂಡನ್ನು ಎತ್ತರಕ್ಕೆ ಒದ್ದರು. ಇಳಿದು ಬಂದ ಚೆಂಡಿಗೆ ಎರಡೂ ತಂಡದವರು ಹಾರಿದರು. ಅದು ಯಾರನ್ನೋ ತಗುಲಿ ಹಿಂದಕ್ಕೆ ಪುಟಿದು ಕ್ಯಾನ್‌ಬೆರಾದವರ ಕೈಗೇ ಬಂದಿತು. ರೂಸ್ಟರ್ಸ್ ಆಟಗಾರ ಚೆಂಡನ್ನು ಮುಟ್ಟಿದನೆಂದು ಭಾವಿಸಿದ ತೀರ್ಪುಗಾರ ಬೆನ್ ಕಮಿನ್ಸ್ ತಲೆಯ ಮೇಲೆ ಕೈ ಬೀಸಿದರು: ಮತ್ತೆ ಆರು. ಆ ಸನ್ನೆಯನ್ನು ಅಂಗಣವೆಲ್ಲ ನೋಡಿತು. ಅಷ್ಟರಲ್ಲಿ ಸಹ-ಅಧಿಕಾರಿಗಳಿಂದ, ಚೆಂಡು ತಗುಲಿದ್ದು ಕ್ಯಾನ್‌ಬೆರಾದವನಿಗೇ ಎಂಬ ಸೂಚನೆ ಬಂದಿರಬೇಕು; ತೀರ್ಪುಗಾರರು ಮನಸ್ಸು ಬದಲಿಸಿದರು. ಆದರೆ ಚೆಂಡು ಹಿಡಿದಿದ್ದ ಜ್ಯಾಕ್ ವೈಟನ್‌ಗೆ ಆ ಬದಲಾವಣೆ ತಲುಪಲಿಲ್ಲ. ಇನ್ನೂ ಆರು ಅವಕಾಶಗಳಿವೆಯೆಂದು ನಂಬಿದವನು ಮಾಡುವುದನ್ನೇ ಆತ ಮಾಡಿದ; ಚೆಂಡನ್ನು ಭದ್ರವಾಗಿ ಹಿಡಿದು ಹಿಡಿತಕ್ಕೆ ಸಿಕ್ಕಿದ. ತೀರ್ಪುಗಾರರು ಕೊನೆಯ ಹಿಡಿತವೆಂದು ಸಾರಿ ಚೆಂಡನ್ನು ರೂಸ್ಟರ್ಸಿಗೆ ಒಪ್ಪಿಸಿದರು. ಆ ಚೆಂಡಿನಿಂದ ಆರಂಭವಾದ ಸರದಿಯಲ್ಲಿಯೇ ರೂಸ್ಟರ್ಸ್ ಅಂಗಣವನ್ನು ಉದ್ದಕ್ಕೆ ದಾಟಿ, ಜೇಮ್ಸ್ ಟೆಡೆಸ್ಕೊ ಟ್ರೈ ಗಳಿಸಿದ. ೧೪-೮. ಪಂದ್ಯ ಮುಗಿಯಿತು. ಅಂತಿಮ ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಪದಕವನ್ನು ಸೋತ ತಂಡದ ವೈಟನ್‌ಗೇ ಕೊಟ್ಟರು. ಅದರಿಂದ ಅವನಿಗೆ ಸಮಾಧಾನವಾಗಿರಲಾರದು.

ಕೊನೆಗೆ ಕೈಗೊಂಡ ತೀರ್ಮಾನವೇ ನಿಯಮಾನುಸಾರ ಸರಿಯಾದದ್ದೆಂದು ಲೀಗಿನ ಅಧಿಕಾರಿಗಳು ಅನಂತರ ಹೇಳಿದರು. ಚಿತ್ರಗಳನ್ನು ನಿಧಾನವಾಗಿ ನೋಡಿದರೆ ಅದು ಸತ್ಯವೇ. ಆದರೆ 'ಸರಿಯಾದ ತೀರ್ಮಾನ' ಎಂಬ ಮಾತಿನಲ್ಲಿ ಒಂದು ಮೋಸ ಅಡಗಿದೆ. ಚೆಂಡು ಯಾರಿಗೆ ತಗುಲಿತು ಎಂಬ ಪ್ರಶ್ನೆಗೆ ಅದು ಸರಿಯಾದ ಉತ್ತರ. ಆದರೆ ಕೈಸನ್ನೆಯಾದ ಮೇಲೆ ತೀರ್ಪುಗಾರರ ಮುಂದೆ ಇದ್ದ ಪ್ರಶ್ನೆ ಅದೊಂದೇ ಆಗಿರಲಿಲ್ಲ. ತನ್ನ ಮಾತನ್ನು ನಂಬಿ ಒಬ್ಬನು ಈಗಾಗಲೇ ನಡೆದುಬಿಟ್ಟಿದ್ದಾನೆ, ಅವನ ಗತಿಯೇನು ಎಂಬ ಎರಡನೆಯ ಪ್ರಶ್ನೆಯೂ ಹುಟ್ಟಿಕೊಂಡಿತ್ತು. ಅದನ್ನು ಯಾರೂ ಕೇಳಲಿಲ್ಲ. ಕೊನೆಯ ಹಿಡಿತವೆಂದು ತಿಳಿದಿದ್ದರೆ ವೈಟನ್ ಚೆಂಡನ್ನು ಒದೆಯುತ್ತಿದ್ದನೋ, ಸಂಗಡಿಗನಿಗೆ ಎಸೆಯುತ್ತಿದ್ದನೋ, ಏನಾಗುತ್ತಿತ್ತೋ ಬಲ್ಲವರಾರು? ಏನೂ ಆಗದೆಯೂ ಹೋಗಬಹುದಿತ್ತು. ಆದರೆ ಆ ಆಯ್ಕೆ ಅವನದಾಗಿತ್ತು. ಅದನ್ನು ಅವನಿಂದ ಕಿತ್ತುಕೊಂಡದ್ದು ಎದುರಾಳಿಯ ಚಾತುರ್ಯವಲ್ಲ, ತೀರ್ಪುಗಾರನ ಕೈ.

ನಮ್ಮ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಹೋಲುವ ತತ್ತ್ವವೊಂದಿದೆ. ಒಬ್ಬನು ತನ್ನ ಮಾತಿನಿಂದಾಗಲಿ ನಡತೆಯಿಂದಾಗಲಿ ಇನ್ನೊಬ್ಬನನ್ನು ಒಂದು ಸಂಗತಿಯಲ್ಲಿ ನಂಬಿಸಿ, ಅವನು ಹಾಗೆ ನಂಬಿ ನಡೆಯುವಂತೆ ಮಾಡಿದ ಮೇಲೆ, ಅವನೊಡನೆ ಹೂಡಿದ ದಾವೆಯಲ್ಲಿ ಆ ಸಂಗತಿ ಸುಳ್ಳೆಂದು ವಾದಿಸಲು ಅವನಿಗೆ ಅವಕಾಶವಿಲ್ಲ. ೧೮೭೨ರ ಸಾಕ್ಷ್ಯ ಅಧಿನಿಯಮದ ೧೧೫ನೆಯ ಪ್ರಕರಣದಲ್ಲಿ ಹೀಗಿತ್ತು. ಅದರ ಸ್ಥಾನಕ್ಕೆ ಬಂದಿರುವ ಹೊಸ ಅಧಿನಿಯಮವೂ ಈ ತತ್ತ್ವವನ್ನು ಕೈಬಿಟ್ಟಿಲ್ಲ. ನ್ಯಾಯಾಲಯಕ್ಕೂ ಅಂಗಣಕ್ಕೂ ಅಂತರವಿದೆ, ನಿಜ. ಆದರೆ ನಂಬಿ ನಡೆದವನಿಗೆ ನಷ್ಟವಾಗಬಾರದೆಂಬ ಬುದ್ಧಿ ಎರಡು ಕಡೆಯೂ ಒಂದೇ ಆಗಿರಬೇಕು.

ಅಷ್ಟು ದೂರ ಹೋಗುವುದು ಬೇಡವೆನ್ನುವವರು ಕ್ರಿಕೆಟ್ಟಿನ ನಿಯಮಾವಳಿಯನ್ನು ತೆರೆದು ನೋಡಲಿ. ಓವರಿನ ಆರು ಎಸೆತಗಳನ್ನು ಎಣಿಸುವಲ್ಲಿ ಅಂಪೈರು ತಪ್ಪಿದರೆ ಏನು ಮಾಡಬೇಕು? ಅವನು ಎಣಿಸಿದ್ದೇ ಓವರು ಎಂದು ಹದಿನೇಳನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಮನುಷ್ಯ ಎಣಿಕೆ ತಪ್ಪುವನೆಂಬುದನ್ನು ಮೊದಲೇ ಊಹಿಸಿ, ತಪ್ಪಿದಾಗ ಭಾರ ಎಲ್ಲಿ ಬೀಳಬೇಕೆಂಬುದನ್ನು ಗೊತ್ತುಮಾಡಿಟ್ಟ ಈ ವಿನಯ ನನಗೆ ಬಹಳ ಮೆಚ್ಚಿಕೆಯಾಗಿದೆ. ಇನ್ನೊಂದು ನಿಯಮವೂ ಅಷ್ಟೇ ಮನೋಹರ. ತಾನು ಔಟಾದೆನೆಂದು ತಪ್ಪಾಗಿ ತಿಳಿದು ದಾಂಡಿಗನು ವಿಕೆಟ್ಟನ್ನು ಬಿಟ್ಟು ಹೊರಟರೆ, ಅಂಪೈರು ನಡುವೆ ಬಂದು ಚೆಂಡು ನಿರ್ಜೀವವೆಂದು ಸಾರಿ ಅವನನ್ನು ಹಿಂದಕ್ಕೆ ಕರೆಯಬೇಕು. ತಪ್ಪು ತಿಳಿವಳಿಕೆಯಿಂದ ನಡೆದವನನ್ನು ಎದುರಾಳಿ ಬೇಟೆಯಾಡಬಾರದೆಂಬುದು ಅದರ ಆಶಯ. ಕ್ರಿಕೆಟ್ಟಿನಲ್ಲಿಯೂ ಅಂಪೈರು ತನ್ನ ತೀರ್ಪನ್ನು ಬದಲಿಸಬಹುದು, ಕೂಡಲೇ ಬದಲಿಸುವುದಾದರೆ. ಆದರೆ ಆ ಬದಲಾವಣೆಯ ಹೊತ್ತಿಗೆ ದಾಂಡಿಗನು ಇನ್ನೊಂದು ಎಸೆತವನ್ನು ಆಡಿ ಮುಗಿಸಿರುವುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಸೀಟಿ ಊದುವವರೆಗೂ ಆಡತಕ್ಕದ್ದು, ಕೈಸನ್ನೆಯನ್ನು ನಂಬಿ ಕುಳಿತವನದೇ ತಪ್ಪು ಎಂಬುದು ಮೊದಲನೆಯದು. ಶಾಲೆಯ ಪ್ರತಿಯೊಬ್ಬ ವ್ಯಾಯಾಮ ಶಿಕ್ಷಕನೂ ಇದನ್ನು ಹೇಳಿಕೊಡುತ್ತಾನೆ, ಹೇಳಿಕೊಡತಕ್ಕದ್ದೇ. ಆದರೆ ಇಲ್ಲಿ ಅದು ಹೊಂದುವುದಿಲ್ಲ. ವೈಟನ್ ಆಟ ನಿಲ್ಲಿಸಿರಲಿಲ್ಲ, ಆಡುತ್ತಲೇ ಇದ್ದ. ಆಡಿದ್ದು ಮಾತ್ರ ತೀರ್ಪುಗಾರ ಕೊಟ್ಟ ಲೆಕ್ಕದ ಪ್ರಕಾರ. ಎಣಿಕೆಯನ್ನು ಆಟಗಾರನಿಗೆ ತಿಳಿಸಲೆಂದೇ ಇರುವ ಸನ್ನೆಯನ್ನು ಅವನು ನಂಬಬಾರದೆಂದರೆ ಆ ಸನ್ನೆ ಯಾತಕ್ಕೆ?

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಕ್ಯಾನ್‌ಬೆರಾದವರಿಗೆ ಅರ್ಹವಲ್ಲದ ಆರು ಅವಕಾಶಗಳು, ಅದೂ ಎದುರಾಳಿಯ ಗೆರೆಯ ಬಾಗಿಲಲ್ಲಿ, ದೊರೆತಿದ್ದರೆ ರೂಸ್ಟರ್ಸಿಗೆ ಅನ್ಯಾಯವಾಗುತ್ತಿರಲಿಲ್ಲವೆ? ಆಗುತ್ತಿತ್ತು. ಅಂದು ಕ್ಯಾನ್‌ಬೆರಾ ಟ್ರೈ ಗಳಿಸಿ ಗೆದ್ದಿದ್ದರೆ ಸಿಡ್ನಿಯ ಪತ್ರಿಕೆಗಳು ಇದೇ ಗದ್ದಲವನ್ನು ತಿರುಗುಮುರುಗಾಗಿ ಎಬ್ಬಿಸುತ್ತಿದ್ದುವು. ತೀರ್ಪುಗಾರನ ಮೊದಲ ತಪ್ಪು ಆದ ಕ್ಷಣದಿಂದ ಯಾರಿಗಾದರೂ ಒಬ್ಬರಿಗೆ ಹಾನಿ ತಪ್ಪಿದ್ದಲ್ಲ. ಯಾರು ಹೊರಬೇಕೆಂಬುದೇ ಪ್ರಶ್ನೆ. ಸನ್ನೆ ನಿಂತಿದ್ದರೆ, ರೂಸ್ಟರ್ಸಿನ ಹದಿಮೂರು ಮಂದಿಗೂ ತಮ್ಮ ಸ್ಥಿತಿ ಏನೆಂದು ಗೊತ್ತಿರುತ್ತಿತ್ತು. ಮುಂದಿನ ಆರು ಹಿಡಿತಗಳಲ್ಲಿ ಎದೆಯೊಡ್ಡಿ ತಡೆಯುವ ಅವಕಾಶ ಅವರ ಕೈಯಲ್ಲೇ ಇರುತ್ತಿತ್ತು. ಸನ್ನೆಯನ್ನು ಹಿಂತೆಗೆದಾಗ ವೈಟನ್‌ಗೆ ಮಾಡಲು ಏನೂ ಉಳಿದಿರಲಿಲ್ಲ. ಅವನು ಅದಾಗಲೇ ನೆಲದ ಮೇಲಿದ್ದ. ಹಾನಿಯನ್ನು ಎದುರಿಸಿ ಹೋರಾಡಬಲ್ಲವನ ಮೇಲೆ ಅದನ್ನು ಹೊರಿಸುವುದು, ಕೈಕಟ್ಟಿ ಬಿದ್ದವನ ಮೇಲೆ ಹೊರಿಸುವುದಕ್ಕಿಂತ ಮೇಲಲ್ಲವೆ? ಇಲ್ಲವೇ ಮೂರನೆಯ ದಾರಿಯೊಂದಿತ್ತು: ತಪ್ಪು ಗೊತ್ತಾದೊಡನೆ ಸೀಟಿ ಊದಿ ಆಟವನ್ನು ನಿಲ್ಲಿಸಿ, ಇಬ್ಬರಿಗೂ ತಿಳಿಸಿ, ಆ ಕೊನೆಯ ಅವಕಾಶವನ್ನು ತಿಳಿದು ಆಡಲು ಬಿಡುವುದು. ಆಟದ ಓಟ ಕಡಿಯುತ್ತದೆ, ನಿಜ. ಒಂದು ವರ್ಷದ ದುಡಿಮೆಯ ಫಲ ನಿರ್ಧಾರವಾಗುವ ಹೊತ್ತಿನಲ್ಲಿ ಅರ್ಧ ನಿಮಿಷದ ವಿರಾಮ ಯಾರಿಗೂ ಭಾರವಾಗುತ್ತಿರಲಿಲ್ಲ.

ಇಷ್ಟಾದ ಮೇಲೆ ಆ ಆಟದ ಆಡಳಿತಗಾರರು ಎಣಿಕೆಯನ್ನು ತೀರ್ಪುಗಾರನ ಇಚ್ಛೆಯಿಂದ ದೂರ ಸರಿಸಿದರೆಂದು ವಾಚಕರು ಊಹಿಸಬಹುದು. ನಡೆದದ್ದು ಅದಕ್ಕೆ ವಿರುದ್ಧ. ೨೦೨೦ರಲ್ಲಿ ಕೊರೋನಾ ಪಿಡುಗಿನಿಂದ ನಿಂತುಹೋಗಿದ್ದ ಆಸ್ಟ್ರೇಲಿಯದ ಪಂದ್ಯಗಳು ಮೇ ೨೮ರಂದು ಮತ್ತೆ ಆರಂಭವಾದಾಗ ಎರಡು ಬದಲಾವಣೆಗಳಾದುವು. ಇಬ್ಬರು ತೀರ್ಪುಗಾರರಲ್ಲಿ ಒಬ್ಬರನ್ನು ಕಡಿಮೆ ಮಾಡಿದರು. ಹಿಡಿದವರು ಬೇಗ ಬಿಡದೆ ಮೇಲೆಯೇ ಬಿದ್ದುಕೊಂಡು ಚೆಂಡಿನ ಆಟಕ್ಕೆ ಅಡ್ಡಿ ಮಾಡಿದರೆ, ಮುಂಚಿನಂತೆ ಸೀಟಿ ಊದಿ ಪೆನಾಲ್ಟಿ ಕೊಡುವ ಬದಲು, 'ಮತ್ತೆ ಆರು' ಎಂದು ಕೈ ಬೀಸಿದರಾಯಿತು ಎಂದರು. ಗಂಟೆಯೊಂದು ಬಾರಿಸುತ್ತದೆ, ಎಣಿಕೆ ಮೊದಲ್ಗೊಳ್ಳುತ್ತದೆ, ಆಟ ಸಾಗುತ್ತದೆ. ೨೦೨೧ರಲ್ಲಿ, ಹತ್ತು ಮೀಟರು ಹಿಂದೆ ಸರಿಯದೆ ನಿಂತವರ ತಪ್ಪಿಗೂ ಇದನ್ನೇ ಅನ್ವಯಿಸಿದರು.

ಇದರ ಗುಣವನ್ನು ಅಲ್ಲಗಳೆಯಲಾಗದು. ಆಟಕ್ಕೆ ಓಟ ಬಂದಿತು. ನೆಲದ ಮೇಲಿನ ಕುಸ್ತಿ ಕಡಿಮೆಯಾಯಿತು. ಆದರೆ ದೋಷ ಆಳವಾದುದು. ಪೆನಾಲ್ಟಿ ಕೊಟ್ಟಾಗ ಸೀಟಿ ಕೇಳಿಸುತ್ತಿತ್ತು. ತಪ್ಪು ಮಾಡಿದವನು ಯಾರು, ತಪ್ಪೇನು ಎಂದು ತೀರ್ಪುಗಾರ ಕೈಯಾಡಿಸಿ ತೋರಿಸುತ್ತಿದ್ದ. ನಾಯಕನು ಹತ್ತಿರ ಬಂದು ಕೇಳಬಹುದಾಗಿತ್ತು. ಪಡೆದ ತಂಡ ಬೇಕಾದರೆ ಗೋಲಿಗೆ ಒದ್ದು ಎರಡು ಅಂಕ ಗಳಿಸಬಹುದಾಗಿತ್ತು. ಈಗ ಓಡುತ್ತಿರುವಾಗಲೇ ಗಂಟೆ ಬಾರಿಸಿಬಿಡುತ್ತದೆ. ಯಾರ ತಪ್ಪಿಗೆ, ಯಾಕೆ ಎಂಬುದು ಗ್ಯಾಲರಿಯಲ್ಲಿ ಕುಳಿತವನಿಗಿರಲಿ, ಎಷ್ಟೋ ವೇಳೆ ತಪ್ಪು ಮಾಡಿದವನಿಗೇ ತಿಳಿಯುವುದಿಲ್ಲ. ಅದೇ ೨೦೨೦ರಲ್ಲಿ ತೀರ್ಪನ್ನು ಪ್ರಶ್ನಿಸುವ ಹಕ್ಕನ್ನು ನಾಯಕನಿಗೆ ಕೊಟ್ಟರು, ಸರಿ. ಆದರೆ ಆಟ ನಿಂತಾಗ ಮಾತ್ರ ಅದನ್ನು ಉಪಯೋಗಿಸಬಹುದು. ಗಂಟೆಯ ತೀರ್ಪಿನಲ್ಲಿ ಆಟ ನಿಲ್ಲುವುದೇ ಇಲ್ಲ. ಇನ್ನೊಂದು ವಿಚಿತ್ರ: ಮೊದಲ ಹಿಡಿತದಲ್ಲೇ ತಪ್ಪು ಮಾಡಿದರೆ ಎದುರಾಳಿಗೆ ಸಿಗುವ ಲಾಭ ಒಂದೇ ಒಂದು ಹೆಚ್ಚಿನ ಅವಕಾಶ, ಆದ್ದರಿಂದ ಸರದಿಯ ಆರಂಭದಲ್ಲಿ ಬೇಕೆಂದೇ ತಪ್ಪು ಮಾಡಿ ಎದುರಾಳಿಯ ವೇಗವನ್ನು ಕುಂಠಿತಗೊಳಿಸುವುದು ಅಗ್ಗದ ವ್ಯಾಪಾರವಾಯಿತು. ಈ ಜಾಣತನವನ್ನು ತಡೆಯಲು ೨೦೨೨ರಲ್ಲಿ ಅಂಗಣದ ಕೆಲವು ಭಾಗಗಳಲ್ಲಿ ಪೆನಾಲ್ಟಿಯನ್ನು ಮತ್ತೆ ತರಬೇಕಾಯಿತು.

ಆರು ಎಂಬ ಸಂಖ್ಯೆ ೧೯೭೧ರಲ್ಲಿ ಎರಡೂ ತಂಡಗಳನ್ನು ಕಟ್ಟಿಹಾಕಿದ ಬೇಲಿಯಾಗಿತ್ತು, ತೀರ್ಪುಗಾರನನ್ನೂ ಕಟ್ಟಿಹಾಕಿತ್ತು. ಅವನಿಗೆ ಯಾರ ಮೇಲೆ ಒಲವಿದ್ದರೂ ಏಳನೆಯದನ್ನು ಕೊಡುವ ಹಾಗಿರಲಿಲ್ಲ. ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಈಗ ಅದೇ ಬೇಲಿಯ ಗೂಟಗಳನ್ನು ಕಿತ್ತು ಅವನ ಕೈಗೆ ಕೋಲಾಗಿ ಕೊಟ್ಟಿದ್ದಾರೆ. ಅವನು ಪ್ರಾಮಾಣಿಕನಾಗಿರಬಹುದು, ಆಗಿಯೇ ಇರುತ್ತಾನೆ. ಆದರೂ ಏಳು, ಎಂಟು, ಹನ್ನೊಂದು ಹಿಡಿತಗಳು ಒಂದಾದ ಮೇಲೊಂದು ನಡೆದಾಗ ಇದು ಲೆಕ್ಕವೋ ದಯೆಯೋ ಎಂಬ ಸಂಶಯ ನೋಡುವವನ ಮನಸ್ಸಿನಲ್ಲಿ ಹುಟ್ಟದಿರುವುದಿಲ್ಲ. ೧೯೭೮ರಲ್ಲಿ ಏಳನೆಯ ಹಿಡಿತವೆಂದು ಬೊಬ್ಬೆ ಹಾಕಿದವರು ಇಂದು ಯಾವ ಸಂಖ್ಯೆಯನ್ನು ಹಿಡಿದು ಬೊಬ್ಬೆ ಹಾಕಬೇಕು?

ಸುಧಾರಣೆ ಕಷ್ಟದ್ದೇನಲ್ಲ. ಈ ಆಟದ ದೊಡ್ಡ ಪಂದ್ಯಗಳಲ್ಲಿ ಕಾಲವನ್ನು ಅಳೆಯುವ ಕೆಲಸವನ್ನು ತೀರ್ಪುಗಾರನಿಂದ ತೆಗೆದು ಬೇರೆಯವರಿಗೆ ಒಪ್ಪಿಸಿ ಬಹಳ ಕಾಲವಾಯಿತು. ಎಂಬತ್ತು ನಿಮಿಷಗಳಾದೊಡನೆ ಸೈರನ್ ಮೊಳಗುತ್ತದೆ. ಅದರ ಬಗ್ಗೆ ಯಾರೂ ತೀರ್ಪುಗಾರನೊಡನೆ ಜಗಳವಾಡುವುದಿಲ್ಲ. ಹಿಡಿತಗಳ ಎಣಿಕೆಯನ್ನೂ ಹಾಗೆಯೇ ಅಂಗಣದ ಹೊರಗೆ ಕುಳಿತ ಒಬ್ಬನಿಗೆ, ಹಲವರಿಗಲ್ಲ, ಒಬ್ಬನಿಗೇ, ಒಪ್ಪಿಸಿ, ದೊಡ್ಡ ಫಲಕದ ಮೇಲೆ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ತೋರಿಸಬಹುದು. ಹಿಡಿತ ಪೂರ್ಣವಾಯಿತೇ, ಎದುರಾಳಿ ಚೆಂಡನ್ನು ಮುಟ್ಟಿದನೇ ಎಂಬ ನಿರ್ಣಯ ತೀರ್ಪುಗಾರನದಾಗಿಯೇ ಇರಲಿ. ಅದು ಕಣ್ಣಿನ ಕೆಲಸ, ಅದಕ್ಕೆ ಹತ್ತಿರವಿರುವವನೇ ಬೇಕು. ಆದರೆ ಫಲಕದ ಮೇಲೆ ಸಂಖ್ಯೆ ಬದಲಾದ ಮೇಲೆ ಮುಂದಿನ ಹಿಡಿತ ಮುಗಿಯುವವರೆಗೆ ಅದನ್ನು ಹಿಂದಕ್ಕೆ ತಿರುಗಿಸಕೂಡದು. ತಿರುಗಿಸಲೇಬೇಕೆಂದಿದ್ದರೆ ಸೀಟಿ ಊದಿ ಆಟ ನಿಲ್ಲಿಸತಕ್ಕದ್ದು. 'ಮತ್ತೆ ಆರು' ಎಂಬ ಶಿಕ್ಷೆಯನ್ನು ಉಳಿಸಿಕೊಳ್ಳುವುದಾದರೆ, ಯಾವ ಆಟಗಾರನ ಯಾವ ತಪ್ಪಿಗೆ ಎಂಬುದೂ ಅದೇ ಫಲಕದ ಮೇಲೆ ಬರಲಿ.

ಸಣ್ಣ ಊರುಗಳ ಮೈದಾನಗಳಲ್ಲಿ, ಶಾಲಾ ಪಂದ್ಯಗಳಲ್ಲಿ ಫಲಕವೆಲ್ಲಿ, ಎಣಿಸಲು ಕುಳಿತುಕೊಳ್ಳುವವನೆಲ್ಲಿ ಎಂದು ಕೇಳಬಹುದು. ಅಲ್ಲಿ ಕ್ರಿಕೆಟ್ಟಿನ ಹದಿನೇಳನೆಯ ನಿಯಮವನ್ನು ಎರವಲು ತಂದರೆ ಸಾಕು: ತೀರ್ಪುಗಾರ ಎಣಿಸಿದ್ದೇ ಎಣಿಕೆ, ಅವನು ಬೀಸಿದ ಕೈ ಬೀಸಿದ ಹಾಗೆಯೇ. ಏಳು ಹಿಡಿತಗಳಾದರೆ ಆಗಲಿ. ಆರೆಂದು ನಂಬಿಸಿ ಒಂದಕ್ಕೇ ನಿಲ್ಲಿಸುವುದು ಮಾತ್ರ ಬೇಡ.